ಬೆನ್ನು ನೋವಿನವರ ಬಗ್ಗೆ ನಮ್ಮ ವಿದ್ಯಾರ್ಥಿಗಳು ಏನನ್ನು ಕಲಿಯುತ್ತಿದ್ದಾರೆ?

(ವೈದ್ಯಕೀಯ, ನರ್ಸಿಂಗ್, ಫಿಸಿಯೋಥೆರಪಿ ವಿದ್ಯಾರ್ಥಿಗಳ ಜೊತೆ ಊರಿನ ಹಿರಿಯರೂ ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಆಡಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮುಂದಿನ ಸಾಲುಗಳಲ್ಲಿ ಹಿರಿಯರಿದ್ದೀರಿ, ಹಿಂದೆ ಓದುವ ಮಕ್ಕಳಿದ್ದಾರೆ. ಹಿಂದೆ ಕೂತವರು ಮುಂದೆ ಕೂತವರ ಬೆನ್ನು ನೋವಿನ ಬಗ್ಗೆ ಮನಸ್ಸಿನಲ್ಲಿ ಏನಂದುಕೊಂಡಿದ್ದಾರೆ ಎಂಬುದೇ ಇವತ್ತಿನ ವಿಷಯ. ಇಬ್ಬರಿಗೂ ಅಲ್ಲಲ್ಲಿ ಇರುಸುಮುರುಸಾಗಬಹುದು, ಸಹಿಸಿಕೊಳ್ಳಿ.

ಮೊದಲು ವಿದ್ಯಾರ್ಥಿಗಳಿಗೆ ಕೆಲಸ. ನಾಲ್ಕು ವಾಕ್ಯ ಓದುತ್ತೇನೆ, ಒಪ್ಪಿದರೆ ಕೈ ಎತ್ತಿ. ಬಹುಕಾಲದಿಂದ ಬೆನ್ನು ನೋವಿರುವವರು ನೋವು ಹೆಚ್ಚಾಗುವಂಥ ಏನನ್ನೂ ಮಾಡದ ಹಾಗೆ ಎಚ್ಚರದಿಂದಿರಬೇಕು. ನೋವು ಜಾಸ್ತಿಯಾದರೆ, ಮಾಡುತ್ತಿರುವುದನ್ನು ಅಲ್ಲಿಗೇ ನಿಲ್ಲಿಸಬೇಕು. ನೋವು ವಾಸಿಯಾಗುವ ತನಕ ಇವರು ಮೊದಲು ಮಾಡುತ್ತಿದ್ದ ಕೆಲಸಗಳಿಗೆ ಮರಳಲಾರರು. ನೋವೊಂದು ಹೋಗಿಬಿಟ್ಟರೆ ಇವರ ಕಷ್ಟಗಳೆಲ್ಲ ತೀರಿದಂತೆ.

ಮೊದಲನೆಯದಕ್ಕೆ ಹೆಚ್ಚುಕಡಿಮೆ ಎಲ್ಲರ ಕೈಯೂ ಮೇಲೆ ಹೋಯಿತು. ಹಿರಿಯರೂ ಎತ್ತಿದಿರಿ. ಎತ್ತಿದವರು ಕೆಟ್ಟವರಲ್ಲ, ಕನಿಕರ ಇದ್ದವರೇ. ಆದರೆ ಈ ವಾಕ್ಯಗಳನ್ನು ಆಯ್ದುಕೊಂಡದ್ದು ಒಂದು ಅಳತೆಪಟ್ಟಿಯಿಂದ. ಆ ಪಟ್ಟಿಯಲ್ಲಿ ಇವಕ್ಕೆ ಹೌದು ಎಂದಷ್ಟೂ ರೋಗಿಗೆ ತೊಂದರೆ ಎಂದು ಲೆಕ್ಕ.

ಪಟ್ಟಿಯ ಕಥೆ ಚಿಕ್ಕದು. 1988ರಲ್ಲಿ ಅಮೆರಿಕದಲ್ಲಿ ರೋಗಿಗಳಿಗೆಂದು ಒಂದು ಪ್ರಶ್ನಾವಳಿ ಬಂತು. ನೋವಿದ್ದರೆ ಬದುಕು ನಿಲ್ಲಲೇಬೇಕು ಎಂದು ರೋಗಿ ಎಷ್ಟರಮಟ್ಟಿಗೆ ನಂಬಿದ್ದಾನೆ ಎಂದು ಅಳೆಯುವುದು ಅದರ ಉದ್ದೇಶ. 1995ರಲ್ಲಿ ಜೇಮ್ಸ್ ರೇನ್‌ವಿಲ್ ಮತ್ತು ಸಂಗಡಿಗರು ಅದೇ ಪ್ರಶ್ನೆಗಳನ್ನು ತಿರುಗಿಸಿ ಚಿಕಿತ್ಸೆ ಕೊಡುವವರ ಮುಂದಿಟ್ಟರು. ಹದಿನೈದು ವಾಕ್ಯ, ಎಷ್ಟು ಒಪ್ಪುತ್ತೀರಿ ಎಂದು ಗುರುತಿಸಲು ಪ್ರತಿಯೊಂದಕ್ಕೂ ಏಳು ಮೆಟ್ಟಿಲು. ಇದಕ್ಕೆ ಎಚ್‌ಸಿ-ಪೇರ್ಸ್ ಎಂದು ಹೆಸರು. ಬೆನ್ನು ನೋವಿನ ರೋಗಿಗಳ ಬಗ್ಗೆ ವೈದ್ಯ ವಿದ್ಯಾರ್ಥಿಗಳ ಧೋರಣೆ ಏನು ಎಂದು ಜಗತ್ತಿನಲ್ಲಿ ನಡೆದ ಅಧ್ಯಯನಗಳಲ್ಲಿ ಬಹಳಷ್ಟು ಈ ಪಟ್ಟಿಯನ್ನೇ ಬಳಸಿವೆ.

ಇದರಲ್ಲಿ ನನಗೆ ಇಷ್ಟವಾಗುವ ಅಂಶ ಒಂದಿದೆ. ಕೆಟ್ಟ ಧೋರಣೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಸಿಡುಕುವ ಡಾಕ್ಟರು, "ಏನೂ ಇಲ್ಲಮ್ಮ, ಸುಮ್ನೆ ಟೆನ್ಷನ್ ಮಾಡ್ಕೊಂಡಿದೀರಿ" ಎಂದು ಚೀಟಿ ಬರೆದು ಕಳಿಸುವವರು. ಈ ಪಟ್ಟಿ ಹಿಡಿಯುವುದು ಅವರನ್ನಲ್ಲ. ಮೃದುವಾಗಿ ಮಾತಾಡುವವರನ್ನು, "ಅಯ್ಯೋ ಪಾಪ, ಬಗ್ಗಬೇಡಿ, ಭಾರ ಎತ್ತಬೇಡಿ, ಕೆಲಸ ಬಿಟ್ಟು ಮನೆಯಲ್ಲಿರಿ" ಎನ್ನುವವರನ್ನು ಹಿಡಿಯುತ್ತದೆ. ಅಂದರೆ ವಿದ್ಯಾರ್ಥಿಗಳಲ್ಲಿ ಎರಡು ಧೋರಣೆ ಬೆಳೆಯುತ್ತವೆ, ಒಂದು ಅನುಮಾನ, ಇನ್ನೊಂದು ಅತಿ ಜೋಪಾನ. ಮೇಲ್ನೋಟಕ್ಕೆ ಎಣ್ಣೆ ಸೀಗೆಕಾಯಿ. ಆದರೆ ಎರಡಕ್ಕೂ ಬೇರು ಒಂದೇ ಎಂದು ನಾನು ಇವತ್ತು ವಾದಿಸುತ್ತೇನೆ. ನೋವು ಎಷ್ಟಿದೆಯೋ ಒಳಗೆ ಪೆಟ್ಟೂ ಅಷ್ಟೇ ಇರಬೇಕು ಎಂಬ ನಂಬಿಕೆ ಆ ಬೇರು. ಹಾಗೆ ನಂಬಿದವನಿಗೆ ಎಂಆರ್‌ಐ ಚೆನ್ನಾಗಿ ಬಂದರೆ ರೋಗಿ ನಾಟಕ ಮಾಡುತ್ತಿರುವ ಹಾಗೆ ಕಾಣುತ್ತದೆ. ಎಂಆರ್‌ಐಯಲ್ಲಿ ಏನಾದರೂ ಕಂಡರೆ ರೋಗಿ ಮುಟ್ಟಿದರೆ ಮುರಿಯುವ ಹಾಗೆ ಕಾಣುತ್ತದೆ. ಒಬ್ಬನೇ ವಿದ್ಯಾರ್ಥಿ ಬೆಳಿಗ್ಗೆ ಒಬ್ಬರನ್ನು ಅನುಮಾನಿಸಿ, ಮಧ್ಯಾಹ್ನ ಇನ್ನೊಬ್ಬರನ್ನು ಹೆದರಿಸಿ ಕಳಿಸಬಲ್ಲ.

ಈ ನಂಬಿಕೆ ಬರುವುದು ಎಲ್ಲಿಂದ? ದುಷ್ಟತನದಿಂದಲ್ಲ, ಪಾಠದಿಂದ. ಮೊದಲ ವರ್ಷ ಶವ ಕೊಯ್ದು ಕಲಿಯುತ್ತೀರಿ. ಆಮೇಲೆ ಪೆಥಾಲಜಿ. ಯಾವ ರೋಗಕ್ಕೂ ಒಂದು ಜಾಗ, ಒಂದು ಗಾಯ, ಒಂದು ಚಿತ್ರ. ನ್ಯುಮೋನಿಯಾಕ್ಕೆ, ಮೂಳೆ ಮುರಿತಕ್ಕೆ, ಅಪೆಂಡಿಸೈಟಿಸ್‌ಗೆ ಈ ಲೆಕ್ಕ ಚೆನ್ನಾಗಿ ಹೊಂದುತ್ತದೆ. ಮೂರು ತಿಂಗಳು ದಾಟಿದ ಬೆನ್ನು ನೋವಿಗೆ ಹೊಂದುವುದಿಲ್ಲ. ಬೆನ್ನು ನೋವಿನವರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಜನರಿಗೆ ನೋವಿಗೆ ಇಂಥದ್ದೇ ಕಾರಣ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಇದು ಸಣ್ಣ ಗುಂಪೂ ಅಲ್ಲ. 2020ರಲ್ಲಿ ಜಗತ್ತಿನಾದ್ಯಂತ ಸೊಂಟದ ನೋವಿನಿಂದ ಬಳಲುತ್ತಿದ್ದವರು 61.9 ಕೋಟಿ ಎಂದು ಅಂದಾಜಿಸಲಾಗಿದೆ. 2050ರ ಹೊತ್ತಿಗೆ ಅದು 84.3 ಕೋಟಿ ಆಗಬಹುದು.

ಚಿತ್ರದ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡೋಣ, ಏಕೆಂದರೆ ಗೊಂದಲವೆಲ್ಲ ಅಲ್ಲೇ ಇರುವುದು. 1994ರಲ್ಲಿ ಅಮೆರಿಕದಲ್ಲಿ ಬೆನ್ನು ನೋವೇ ಇಲ್ಲದ 98 ಮಂದಿಯ ಸೊಂಟದ ಎಂಆರ್‌ಐ ತೆಗೆದು ನೋಡಿದರು. ನೆನಪಿಡಿ, ಇವರು ಆರಾಮಾಗಿ ಓಡಾಡಿಕೊಂಡಿದ್ದವರು. ಅವರಲ್ಲಿ 52 ಶೇಕಡಾ ಜನರಿಗೆ ಕನಿಷ್ಠ ಒಂದು ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಉಬ್ಬಿತ್ತು, 27 ಶೇಕಡಾ ಜನರಿಗೆ ಡಿಸ್ಕ್ ಹೊರಚಾಚಿತ್ತು. ಎಲ್ಲ ಡಿಸ್ಕುಗಳೂ ಸರಿ ಇದ್ದವರು ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ. 2015ರಲ್ಲಿ ಇಂಥ 33 ಅಧ್ಯಯನಗಳನ್ನು ಒಟ್ಟುಗೂಡಿಸಿ, ನೋವಿಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನುಗಳನ್ನು ಲೆಕ್ಕ ಹಾಕಿದರು. ಇಪ್ಪತ್ತರ ಹರೆಯದಲ್ಲೇ 37 ಶೇಕಡಾ ಜನರಿಗೆ ಡಿಸ್ಕ್ ಸವೆದಿರುತ್ತದೆ, ಎಂಬತ್ತಕ್ಕೆ ಬರುವಷ್ಟರಲ್ಲಿ 96 ಶೇಕಡಾ. ಹಿಂದಿನ ಸಾಲಿನಲ್ಲಿ ನಗುತ್ತಿರುವ ಮಕ್ಕಳೇ, ನಿಮ್ಮಲ್ಲಿ ಮೂವರಲ್ಲಿ ಒಬ್ಬರಿಗೆ ಈಗಲೇ ಸವೆದಿದೆ. ಯಾರೂ ಹೇಳಿಲ್ಲವಾದ್ದರಿಂದ ಕುಣಿಯುತ್ತಿದ್ದೀರಿ.

ಹೇಳಿದರೆ ಏನಾಗುತ್ತದೆ? ಅದಕ್ಕೂ ಉತ್ತರವಿದೆ, ಬಹಳ ದೂರದ್ದಲ್ಲ, ಪಕ್ಕದ ಕೊಯಮತ್ತೂರಿನದು. ಅಲ್ಲಿನ ಗಂಗಾ ಆಸ್ಪತ್ರೆಯ ಬೆನ್ನುಮೂಳೆ ತಜ್ಞ ಡಾ. ಎಸ್. ರಾಜಶೇಖರನ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮ ಪ್ರತಿ ಕಾಲೇಜಿನಲ್ಲಿ ಪಾಠವಾಗಬೇಕಿತ್ತು. ಬಹುಕಾಲದ ಸೊಂಟ ನೋವಿದ್ದ 44 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂಆರ್‌ಐ ವರದಿಯಲ್ಲಿದ್ದ ದೋಷಗಳನ್ನೆಲ್ಲ ಇದ್ದದ್ದು ಇದ್ದ ಹಾಗೆ ವಿವರಿಸಿದರು. ಇನ್ನೊಂದು ಗುಂಪಿಗೆ, ಸ್ಕ್ಯಾನ್ ಸರಿಯಾಗಿಯೇ ಇದೆ, ಕಾಣುತ್ತಿರುವುದೆಲ್ಲ ವಯಸ್ಸಿಗೆ ತಕ್ಕ ಬದಲಾವಣೆ ಎಂದು ಧೈರ್ಯ ಹೇಳಿದರು. ಆರು ವಾರ ಬಿಟ್ಟು ನೋಡಿದಾಗ, ದೋಷಗಳ ಪಟ್ಟಿ ಕೇಳಿಸಿಕೊಂಡವರು ತಮ್ಮ ಬೆನ್ನಿನ ಬಗ್ಗೆ ಹೆಚ್ಚು ಕಳವಳಗೊಂಡಿದ್ದರು, ನೋವಿದ್ದರೂ ಕೆಲಸ ಮಾಡಬಲ್ಲೆ ಎಂಬ ನಂಬಿಕೆ ಅವರಲ್ಲಿ ಕುಗ್ಗಿತ್ತು, ದಿನನಿತ್ಯದ ಓಡಾಟದಲ್ಲೂ ಹಿಂದೆ ಬಿದ್ದಿದ್ದರು. ಎರಡು ಗುಂಪುಗಳ ನಡುವೆ ವ್ಯತ್ಯಾಸ ಇದ್ದದ್ದು ಮಾತಿನಲ್ಲಿ.

ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಅವೇ ಸ್ಕ್ಯಾನುಗಳ ವರದಿಯನ್ನು ಎರಡು ಥರ ಬರೆದು, ಮಾಮೂಲಿ ಧಾಟಿಯಲ್ಲೊಂದು, ವಯಸ್ಸಿನ ಸಹಜ ಬದಲಾವಣೆ ಯಾವುದು, ಗಮನಿಸಬೇಕಾದ್ದು ಯಾವುದು ಎಂದು ಬಿಡಿಸಿ ಹೇಳುವುದು ಇನ್ನೊಂದು, ಚಿಕಿತ್ಸೆ ಕೊಡುವವರ ಮುಂದಿಟ್ಟರು. ಮಾಮೂಲಿ ವರದಿ ಓದಿದವರಿಗೆ ಕಾಯಿಲೆ ಹೆಚ್ಚು ಗಂಭೀರವಾಗಿ ಕಂಡಿತು, ಆಪರೇಷನ್ ಬೇಕಾಗಬಹುದು ಎಂದೂ ಹೆಚ್ಚಾಗಿ ಅನ್ನಿಸಿತು. ಹೆದರುವುದು ರೋಗಿ ಮಾತ್ರ ಎಂದು ತಿಳಿಯಬೇಡಿ.

ಈಗ ನಮ್ಮ ಓಪಿಡಿಯ ಮಾತುಗಳನ್ನು ನೆನಪಿಸಿಕೊಳ್ಳಿ. "ಮೂಳೆ ಸವೆದಿದೆ." "ಗ್ಯಾಪ್ ಬಂದಿದೆ." "ಡಿಸ್ಕ್ ಜಾರಿದೆ." "ನರ ಒತ್ಕೊಂಡಿದೆ." ಹೇಳಲು ಹತ್ತು ಸೆಕೆಂಡು ಸಾಕು. ಆ ಅಮ್ಮ ಅದನ್ನು ಸೆರಗಿಗೆ ಗಂಟು ಹಾಕಿಕೊಂಡು ಮನೆಗೆ ಹೋಗುತ್ತಾರೆ. ನ್ಯೂಜಿಲೆಂಡಿನಲ್ಲಿ ಬೆನ್ನು ನೋವಿನವರನ್ನು ಕೂರಿಸಿ ಮಾತಾಡಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಚಿಕಿತ್ಸೆ ಕೊಡುವವರು ಎಂದೋ ಆಡಿದ ಮಾತು ವರ್ಷಗಳ ನಂತರವೂ ಅವರ ನಡಿಗೆ, ಬಾಗುವಿಕೆ, ಕೆಲಸದ ಆಯ್ಕೆಯನ್ನು ಆಳುತ್ತಿತ್ತು ಎಂಬುದು ಅದರ ಸಾರ. ಇಲ್ಲಿ ನಾಟಿ ಮಾಡುವವರಿಗೆ, ಅಡಿಕೆ ಸುಲಿಯುವವರಿಗೆ, ಗಾರ್ಮೆಂಟ್ಸಿಗೆ ಹೋಗುವವರಿಗೆ "ಬಗ್ಗಬೇಡಿ, ಹೆಚ್ಚು ಹೊತ್ತು ಕೂರಬೇಡಿ" ಎಂದು ಹೇಳಿ ಕಳಿಸುತ್ತೇವಲ್ಲ, ಅವರು ಆ ಸಲಹೆ ಪಾಲಿಸಿದರೆ ಕೂಲಿ ಇಲ್ಲ, ಪಾಲಿಸದಿದ್ದರೆ ದಿನವಿಡೀ ಭಯ. ಸಲಹೆ ಕೊಟ್ಟವರಿಗೆ ಮಾತ್ರ ಕರ್ತವ್ಯ ಮಾಡಿದ ಸಮಾಧಾನ.

ಮಲಗಿ ವಿಶ್ರಾಂತಿ ಪಡೆಯಿರಿ ಎಂಬುದರ ಕಥೆಯೂ ಹೀಗೆಯೇ. 1986ರಲ್ಲಿ ರಿಚರ್ಡ್ ಡೇಯೊ ಮತ್ತು ಜೊತೆಗಾರರು, ಆಗಷ್ಟೇ ಬೆನ್ನು ಹಿಡಿದುಕೊಂಡು ಬಂದವರಲ್ಲಿ ಕೆಲವರಿಗೆ ಎರಡು ದಿನ, ಕೆಲವರಿಗೆ ಏಳು ದಿನ ಮಲಗಲು ಹೇಳಿದರು. ನೋವು ಕಡಿಮೆಯಾಗುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಎರಡು ದಿನದವರು ಕೆಲಸ ತಪ್ಪಿಸಿಕೊಂಡದ್ದು 45 ಶೇಕಡಾ ಕಡಿಮೆ. ನಲವತ್ತು ವರ್ಷ ಕಳೆಯುತ್ತ ಬಂತು. ಇವತ್ತಿಗೂ ನಮ್ಮಲ್ಲಿ ಮೂರು ವಾರದ ಬೆಡ್ ರೆಸ್ಟ್ ಚೀಟಿ ಬರೆಯುವವರಿದ್ದಾರೆ.

ಅತಿ ಜೋಪಾನದ ಬಗ್ಗೆ ಇಷ್ಟು ಹೇಳಿದೆ. ಇನ್ನು ಅನುಮಾನ.

ಬೆಲ್ಜಿಯಂನ ಲೀಸ್ ಡಿ ರುಡ್ಡರೆ ಎಂಬ ಸಂಶೋಧಕಿ ಇದನ್ನು ಸರಣಿಯಾಗಿ ಅಧ್ಯಯನ ಮಾಡಿದ್ದಾರೆ. ಬೆನ್ನು ನೋವಿನ ರೋಗಿ ಏನೋ ಕೆಲಸ ಮಾಡುವ ವಿಡಿಯೋ ತೋರಿಸಿ, ಈ ವ್ಯಕ್ತಿಗೆ ಎಷ್ಟು ನೋವಿದೆ ಎಂದು ಕೇಳುತ್ತಾರೆ. ಪರೀಕ್ಷೆಗಳಲ್ಲಿ ಕಾರಣ ಸಿಕ್ಕಿದೆ ಎಂದು ತಿಳಿಸಿದ್ದರೆ ಒಂದು ಅಂದಾಜು, ಏನೂ ಸಿಕ್ಕಿಲ್ಲ ಎಂದು ತಿಳಿಸಿದ್ದರೆ ಅದಕ್ಕಿಂತ ಕಡಿಮೆ ಅಂದಾಜು. ಕಾರಣ ಸಿಗದವರ ಮೇಲೆ ಹುಟ್ಟುವ ಕನಿಕರವೂ ಕಡಿಮೆ. ಇದು ಸಾಮಾನ್ಯ ಜನರಲ್ಲಷ್ಟೇ ಅಲ್ಲ, ಚಿಕಿತ್ಸೆ ಕೊಡುವವರಲ್ಲೂ ಕಂಡ ಸಂಗತಿ.

ನಮ್ಮ ವಾರ್ಡುಗಳಲ್ಲಿ ಈ ಅನುಮಾನಕ್ಕೆ ಶಾಸ್ತ್ರದ ವೇಷ ಹಾಕಿಸುವ ಒಂದು ಪದ್ಧತಿ ಇದೆ, ಅದನ್ನು ಹೇಳಲೇಬೇಕು. ಫೈನಲ್ ಇಯರ್‌ನವರಿಗೆ ಗೊತ್ತು, ವ್ಯಾಡೆಲ್ ಸೈನ್ಸ್, ಅಂದರೆ ವ್ಯಾಡೆಲ್ ಚಿಹ್ನೆಗಳು. ಗ್ಲಾಸ್ಗೋದ ಮೂಳೆ ಶಸ್ತ್ರಚಿಕಿತ್ಸಕ ಗಾರ್ಡನ್ ವ್ಯಾಡೆಲ್ 1980ರಲ್ಲಿ ವಿವರಿಸಿದ ಐದು ಬಗೆಯ ಚಿಹ್ನೆಗಳು. ಚರ್ಮವನ್ನು ಹಗುರವಾಗಿ ಮುಟ್ಟಿದರೂ ಚೀರುವುದು. ನಿಂತವರ ತಲೆಯ ಮೇಲೆ ಮೆಲ್ಲಗೆ ಒತ್ತಿದರೆ ಸೊಂಟ ನೋಯುತ್ತದೆ ಎನ್ನುವುದು. ಮಲಗಿದಾಗ ಕಾಲು ಎತ್ತಿದರೆ ನೋವು, ಕೂತಾಗ ಅದೇ ಕಾಲು ಚಾಚಿಸಿದರೆ ಇಲ್ಲ. ನರಗಳ ನಕಾಶೆಗೆ ಹೊಂದದ ಜೋಮು. ಪರೀಕ್ಷಿಸುವಾಗ ಅತಿಯಾದ ಪ್ರತಿಕ್ರಿಯೆ. ಸೀನಿಯರುಗಳು ಇವನ್ನು ತೋರಿಸಿಕೊಟ್ಟು, "ನೋಡಿದ್ರಾ?" ಎಂಬಂತೆ ಹುಬ್ಬು ಹಾರಿಸುವುದನ್ನು ನೀವು ನೋಡಿರುತ್ತೀರಿ. ಹುಡುಗರು ಮುಸಿಮುಸಿ ನಗುತ್ತಾರೆ. ಮಂಚದ ಮೇಲಿನ ರೋಗಿಗೆ ಇಂಗ್ಲಿಷ್ ಬಾರದಿರಬಹುದು, ನಗು ಅರ್ಥವಾಗುತ್ತದೆ.

ವ್ಯಾಡೆಲ್ ಇವನ್ನು ಕಳ್ಳರನ್ನು ಹಿಡಿಯಲು ಮಾಡಲಿಲ್ಲ. ಈ ಚಿಹ್ನೆಗಳಿರುವವರಿಗೆ ಬರೀ ಆಪರೇಷನ್ ಮಾಡಿದರೆ ಸಾಲದು, ಅವರ ಭಯ, ಸಂಕಟ, ಬದುಕಿನ ಒತ್ತಡ ಇವನ್ನೂ ವಿಚಾರಿಸಬೇಕು ಎಂದು ಎಚ್ಚರಿಸುವುದು ಅವರ ಉದ್ದೇಶವಾಗಿತ್ತು. ಇನ್ನೂ ಹೆಚ್ಚು ಗಮನ ಕೊಡಿ ಎಂದು ಹೇಳಿದ ಪರೀಕ್ಷೆ, ಇನ್ನು ಗಮನ ಕೊಡಬೇಕಿಲ್ಲ ಎಂಬುದಕ್ಕೆ ನೆಪವಾಯಿತು. ದುರ್ಬಳಕೆ ಎಷ್ಟಾಯಿತೆಂದರೆ 1998ರಲ್ಲಿ ಕ್ರಿಸ್ ಮೇಯ್ನ್ ಜೊತೆ ಸೇರಿ ವ್ಯಾಡೆಲ್ ಅವರೇ ಮತ್ತೊಮ್ಮೆ ಬರೆಯಬೇಕಾಯಿತು. ಇವು ಸುಳ್ಳು ಪತ್ತೆ ಮಾಡುವ ಸಾಧನವಲ್ಲ ಎಂದು ತಿಳಿಹೇಳಿದರು. ಅದೂ ಆಗಿ ಕಾಲು ಶತಮಾನ ದಾಟಿದೆ. ಹುಬ್ಬು ಹಾರಿಸುವುದು ಮಾತ್ರ ನಿಂತಿಲ್ಲ.

ಹಾಗಾದರೆ ಕಾಣುವ ಗಾಯವಿಲ್ಲದೆ ನೋವು ಹೇಗೆ ಬರುತ್ತದೆ ಎಂದು ಹಿರಿಯರೊಬ್ಬರು ಆಗಲೇ ಕೇಳಿದರು. ತೋಟದ ಕಾವಲು ನಾಯಿಯನ್ನು ನೆನೆಸಿಕೊಳ್ಳಿ. ಒಮ್ಮೆ ಕಳ್ಳ ಬಂದು ಹೋದ. ಅಂದಿನಿಂದ ಅದು ಸೋಗೆ ಬಿದ್ದರೂ ಬೊಗಳುತ್ತದೆ. ಕಳ್ಳ ಇಲ್ಲ, ಆದರೆ ಬೊಗಳುವುದು ಸುಳ್ಳೇನಲ್ಲ. ನರಮಂಡಲವೂ ಒಮ್ಮೆ ಪೆಟ್ಟು ತಿಂದ ಮೇಲೆ, ಅದರಲ್ಲೂ ನಿದ್ದೆಗೆಟ್ಟು, ಭಯಪಟ್ಟು, ಮನೆಯಲ್ಲಿ ತಾಪತ್ರಯ ಇದ್ದಾಗ, ಸಣ್ಣ ಸಂದೇಶವನ್ನೂ ದೊಡ್ಡ ಅಪಾಯವೆಂದು ಎಣಿಸತೊಡಗುತ್ತದೆ. ನೋವನ್ನು ಅಧ್ಯಯನ ಮಾಡುವ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ, ಅಂಗಾಂಶಕ್ಕೆ ಪೆಟ್ಟು ಬಿದ್ದಿರಲೇಬೇಕು ಎಂದಿಲ್ಲ, ಬಿದ್ದಾಗ ಆಗುವಂಥದ್ದೇ ಅನುಭವವೂ ನೋವೇ ಎಂದು ಸೇರಿಸಿತು. ನೋವಿದೆ ಎಂದು ಒಬ್ಬರು ಹೇಳಿದರೆ ಆ ಮಾತನ್ನು ಗೌರವಿಸಬೇಕು ಎಂದೂ ಅದರ ಟಿಪ್ಪಣಿಯಲ್ಲಿದೆ. ನರ್ಸಿಂಗ್‌ನವರು ಬೀಗಬಹುದು. ಅನುಭವಿಸುವವರು ಏನೆಂದು ಹೇಳುತ್ತಾರೋ ಅದೇ ನೋವು ಎಂದು ಮಾರ್ಗೋ ಮೆಕ್ಯಾಫ್ರಿ ಎಂಬ ನರ್ಸ್ 1968ರಲ್ಲೇ ಬರೆದಿದ್ದರು. ಡಾಕ್ಟರುಗಳಿಗೆ ಅಲ್ಲಿಗೆ ಬರಲು ಅರ್ಧ ಶತಮಾನ ಹಿಡಿಯಿತು.

ಒಂದು ಎಚ್ಚರಿಕೆ ಹೇಳಿ ಮುಂದಕ್ಕೆ ಹೋಗುತ್ತೇನೆ, ಇಲ್ಲದಿದ್ದರೆ ಎಲ್ಲ ಬೆನ್ನು ನೋವೂ ನರಮಂಡಲದ ಆಟ ಎಂದು ಕೆಲವರು ಇಲ್ಲಿಂದ ಎದ್ದು ಹೋದೀರಿ. ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು, ತೊಡೆಸಂದಿನಲ್ಲಿ ಸ್ಪರ್ಶವಿಲ್ಲದಿರುವುದು, ಕಾಲಿನ ಬಲ ಕುಗ್ಗುತ್ತ ಹೋಗುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದದ್ದು, ಬಿದ್ದು ಪೆಟ್ಟಾದದ್ದು, ಇವಿದ್ದರೆ ತಡಮಾಡದೆ ತಪಾಸಣೆ. ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯವನ್ನು ಮರೆಯುವಂತೆಯೇ ಇಲ್ಲ. ರೋಗಿಯನ್ನು ನಂಬುವುದು ಎಂದರೆ ಪರೀಕ್ಷೆ ಬಿಡುವುದಲ್ಲ. ನಂಬಿದವರೇ ಸರಿಯಾಗಿ ಪರೀಕ್ಷಿಸುತ್ತಾರೆ. "ಇದು ಮಾಮೂಲಿ ಗಿರಾಕಿ" ಎಂದು ಬಿಟ್ಟವರ ಕೈಯಲ್ಲೇ ಕ್ಷಯ ತಪ್ಪಿಸಿಕೊಳ್ಳುವುದು.

ಈಗ ಸಮಾಧಾನದ ಸುದ್ದಿಗೆ ಬರೋಣ. ಧೋರಣೆ ಬದಲಾಗುತ್ತದೆಯೇ? ಆಗುತ್ತದೆ. ಬ್ರಿಟನ್ನಿನಲ್ಲಿ ಕಾರ್ಮಾಕ್ ರಯಾನ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಫಿಸಿಯೋಥೆರಪಿ ವಿದ್ಯಾರ್ಥಿಗಳನ್ನೂ ಆರೋಗ್ಯಕ್ಕೆ ಸಂಬಂಧವಿಲ್ಲದ ಬೇರೆ ಕೋರ್ಸಿನವರನ್ನೂ ಇದೇ ಪಟ್ಟಿಯಿಂದ ಅಳೆದು ಹೋಲಿಸಿದರು. ಕೊನೆಯ ವರ್ಷದ ಫಿಸಿಯೋಥೆರಪಿಯವರ ಧೋರಣೆ ಮೊದಲ ವರ್ಷದವರಿಗಿಂತ ಚೆನ್ನಾಗಿತ್ತು. ಬೇರೆ ಕೋರ್ಸಿನವರಲ್ಲಿ ಅಂಥ ಸುಧಾರಣೆ ಇರಲಿಲ್ಲ. ಅಂದರೆ ವಯಸ್ಸು ಮಾಡಿದ ಕೆಲಸವಲ್ಲ, ಪಾಠ ಮಾಡಿದ ಕೆಲಸ. ಸಿಡ್ನಿಯಲ್ಲಿ ಬಹುಕಾಲದ ಬೆನ್ನು ನೋವಿಗೆಂದೇ ಒಂದು ಪಾಠಸರಣಿ ನಡೆಸಿ ಅಳೆದಾಗಲೂ ಅಂಕ ಸುಧಾರಿಸಿತ್ತು, ಒಂದು ವರ್ಷದ ನಂತರವೂ ಉಳಿದಿತ್ತು. ಅದು 2004ರ ವರದಿ. 2017ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ನನಗೆ ಬಹಳ ಹಿಡಿಸಿತು. 72 ಫಿಸಿಯೋಥೆರಪಿ ವಿದ್ಯಾರ್ಥಿಗಳು. ಅರ್ಧ ಜನಕ್ಕೆ ನೋವು ಹೇಗೆ ಹುಟ್ಟುತ್ತದೆ ಎಂಬ ನರಶಾಸ್ತ್ರದ ಪಾಠ, ಇನ್ನರ್ಧಕ್ಕೆ ಬೇರೊಂದು ಪಾಠ. ಅವಧಿ 70 ನಿಮಿಷ. ನೋವಿನ ಪಾಠ ಕೇಳಿದವರ ಧೋರಣೆ ಸುಧಾರಿಸಿತು. ಅದಕ್ಕಿಂತ ಮುಖ್ಯವಾಗಿ, ಕಾಗದದ ಮೇಲೆ ಒಬ್ಬ ರೋಗಿಯ ವಿವರ ಕೊಟ್ಟು ಏನು ಸಲಹೆ ಕೊಡುತ್ತೀರಿ ಎಂದು ಕೇಳಿದಾಗ, ಕೆಲಸ, ವ್ಯಾಯಾಮದ ಬಗ್ಗೆ ಸರಿಯಾದ ಸಲಹೆ ಕೊಟ್ಟವರು ಅವರಲ್ಲೇ ಹೆಚ್ಚು. ನಮ್ಮ ಒಂದು ಥಿಯರಿ ಕ್ಲಾಸಿಗಿಂತ ಹತ್ತು ನಿಮಿಷ ಜಾಸ್ತಿ, ಅಷ್ಟೇ. ಕಾಗದದ ರೋಗಿ ಬೇರೆ, ಎದುರು ಕೂತು ಅಳುವ ರೋಗಿ ಬೇರೆ, ಒಪ್ಪುತ್ತೇನೆ. ಆದರೂ 70 ನಿಮಿಷಕ್ಕೆ ಇಷ್ಟು ಲಾಭ ಸಣ್ಣದಲ್ಲ.

ಸಮಯ ಎಲ್ಲಿದೆ, ಸಿಲಬಸ್ ತುಂಬಿದೆ ಎನ್ನುತ್ತಾರೆ ಮೇಷ್ಟ್ರುಗಳು. ಕೆನಡಾದಲ್ಲಿ 2009ರಲ್ಲಿ ಹತ್ತು ವಿಶ್ವವಿದ್ಯಾಲಯಗಳ ಸಮೀಕ್ಷೆ ಮಾಡಿದಾಗ, ನೋವಿನ ವಿಷಯಕ್ಕೆ ಎಂದು ಮೀಸಲಿಟ್ಟ ಕಡ್ಡಾಯ ತರಗತಿ ವೈದ್ಯಕೀಯ ವಿದ್ಯಾರ್ಥಿಗಳಿಗೆ ಸರಾಸರಿ 16 ಗಂಟೆ ಇತ್ತು. ಪಶುವೈದ್ಯ ವಿದ್ಯಾರ್ಥಿಗಳಿಗೆ 87. ಹಸುವಿನ ನೋವು ಕಲಿಯಲು ಐದು ಪಟ್ಟು ಸಮಯ. ಬಾಯಿಲ್ಲದ ಪ್ರಾಣಿಯನ್ನು ನಂಬುವುದು ಸುಲಭ ಇರಬೇಕು, ಅದು ಸರ್ಟಿಫಿಕೇಟ್ ಕೇಳುವುದಿಲ್ಲ.

ಒಳ್ಳೆಯ ಪಾಠವನ್ನೂ ವಾರ್ಡು ತಿಂದುಹಾಕುತ್ತದೆ, ಅದನ್ನೂ ಹೇಳಬೇಕು. ಫಿಲಡೆಲ್ಫಿಯಾದ ಜೆಫರ್ಸನ್ ವೈದ್ಯಕೀಯ ಕಾಲೇಜಿನಲ್ಲಿ ಮೊಹಮ್ಮದ್ರೆಜಾ ಹೊಜಾತ್ ಮತ್ತು ಸಂಗಡಿಗರು ವಿದ್ಯಾರ್ಥಿಗಳ ಸಹಾನುಭೂತಿಯನ್ನು ವರ್ಷವರ್ಷವೂ ಅಳೆದು 2009ರಲ್ಲಿ ವರದಿ ಮಾಡಿದರು. ಇಳಿದದ್ದು ಮೂರನೇ ವರ್ಷದಲ್ಲಿ, ಅಂದರೆ ಅಲ್ಲಿನವರು ರೋಗಿಗಳ ನಡುವೆ ಕೆಲಸ ಶುರುಮಾಡುವ ವರ್ಷದಲ್ಲಿ. ಪುಸ್ತಕ ಓದುವಾಗ ಇದ್ದ ಕನಿಕರ ರೋಗಿಯನ್ನು ಕಂಡ ಮೇಲೆ ಕಮ್ಮಿಯಾಯಿತು ಎಂದರೆ, ಅವರು ಕಂಡದ್ದು ರೋಗಿಯನ್ನಷ್ಟೇ ಅಲ್ಲ, ಸೀನಿಯರುಗಳು ರೋಗಿಯ ಜೊತೆ ನಡೆದುಕೊಳ್ಳುವ ರೀತಿಯನ್ನು. ನಮ್ಮಲ್ಲಿ 2019ರ ಬ್ಯಾಚಿನಿಂದ ಎಂಬಿಬಿಎಸ್‌ಗೆ ಹೊಸ ಪಠ್ಯಕ್ರಮ ಬಂದಿದೆ, ಅದರಲ್ಲಿ ಏಟ್‌ಕಾಮ್ ಎಂಬ ಹೆಸರಲ್ಲಿ ನಡವಳಿಕೆ, ನೀತಿ, ಸಂವಹನದ ಪಾಠಗಳೂ ಇವೆ. ಸಂತೋಷ. ಆದರೆ ಏಟ್‌ಕಾಮ್ ಕ್ಲಾಸಿನಲ್ಲಿ ಕೇಳಿದ್ದನ್ನು ಅಳಿಸಲು ರೌಂಡ್ಸ್‌ನಲ್ಲಿ ಒಂದು ಮೂಗು ಮುರಿಯುವಿಕೆ ಸಾಕು.

ಬೆನ್ನು ನೋವಿನಲ್ಲಿ ಆಸಕ್ತಿ ಇದ್ದರೆ ಧೋರಣೆ ತಾನಾಗಿ ಸರಿಹೋಗುತ್ತದೆ ಎಂದೂ ನಂಬಬೇಡಿ. ಆಸ್ಟ್ರೇಲಿಯಾದ ರಾಚೆಲ್ ಬುಕ್‌ಬೈಂಡರ್ ಮತ್ತು ಜೊತೆಗಾರರು ಮೂರು ಸಾವಿರಕ್ಕೂ ಹೆಚ್ಚು ಜನರಲ್ ಪ್ರಾಕ್ಟೀಷನರುಗಳ ಉತ್ತರಗಳನ್ನು ನೋಡಿದರು. ಬೆನ್ನು ನೋವಿನಲ್ಲಿ ವಿಶೇಷ ಆಸಕ್ತಿ ಇದೆ ಎಂದು ಹೇಳಿಕೊಂಡವರೇ ಬೆಡ್ ರೆಸ್ಟ್ ಬೇಕು ಎಂದು ಹೆಚ್ಚಾಗಿ ನಂಬಿದ್ದರು. ಇದು 2009ರಲ್ಲಿ ಪ್ರಕಟವಾಯಿತು. ಅದೇ ತಂಡ ಮೊದಲು ಅಧ್ಯಯನ ಮಾಡಿದ್ದ ವಿಕ್ಟೋರಿಯಾ ರಾಜ್ಯದ ಪ್ರಚಾರಾಂದೋಲನ ಇದಕ್ಕೆ ತದ್ವಿರುದ್ಧ ಚಿತ್ರ ಕೊಡುತ್ತದೆ. 1997ರಿಂದ 1999ರವರೆಗೆ ಟಿ.ವಿ.ಯಲ್ಲಿ ಜಾಹೀರಾತು ಹಾಕಿ, ಬೆನ್ನು ನೋವೆಂದು ಮಲಗಬೇಡಿ, ಓಡಾಡಿಕೊಂಡಿರಿ ಎಂದು ಜನರಿಗೆ ಹೇಳಿದರು. ಜನರ ನಂಬಿಕೆ ಬದಲಾಯಿತು, ವೈದ್ಯರ ನಂಬಿಕೆಯೂ ಬದಲಾಯಿತು, ಬೆನ್ನು ನೋವಿಗೆ ಪರಿಹಾರದ ಹಣ ಕೋರಿ ಬರುವ ಅರ್ಜಿಗಳು ಇಳಿದವು. ಪಕ್ಕದ ನ್ಯೂ ಸೌತ್ ವೇಲ್ಸ್‌ನಲ್ಲಿ ಆಂದೋಲನವೂ ಇರಲಿಲ್ಲ, ಬದಲಾವಣೆಯೂ ಇರಲಿಲ್ಲ.

ಫಿಸಿಯೋಥೆರಪಿಯವರಿಗೆ ಮನೆಯ ಮಾತೊಂದು. 2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಹುಕಾಲದ ಸೊಂಟ ನೋವಿಗೆ ತನ್ನ ಮೊದಲ ಮಾರ್ಗಸೂಚಿ ಹೊರಡಿಸಿತು. ವ್ಯಾಯಾಮ, ರೋಗಿಗೆ ತಿಳಿವಳಿಕೆ, ಕೆಲವು ಬಗೆಯ ಕೈ ಚಿಕಿತ್ಸೆ, ಮಾನಸಿಕ ಚಿಕಿತ್ಸೆ, ಇವುಗಳ ಪರವಾಗಿ ಸಲಹೆ ಇದೆ. ಬೆಲ್ಟು, ಟ್ರಾಕ್ಷನ್ (ಬೆನ್ನನ್ನು ಎಳೆದು ಹಿಡಿಯುವುದು), ಟೆನ್ಸ್ (ಚರ್ಮದ ಮೇಲಿಂದ ಸಣ್ಣ ವಿದ್ಯುತ್ ಹಾಯಿಸುವುದು), ಅಲ್ಟ್ರಾಸೌಂಡ್ ಯಂತ್ರದ ಚಿಕಿತ್ಸೆ ಬೇಡ ಎಂದಿದೆ. ಈಗ ನಿಮ್ಮ ಡಿಪಾರ್ಟ್‌ಮೆಂಟಿನಲ್ಲಿ ಸಾಲಾಗಿ ಏನಿವೆ ಎಂದು ಹೇಳಬೇಡಿ, ನನಗೆ ಗೊತ್ತು. ಪೋಸ್ಟಿಂಗ್‌ನಲ್ಲಿ ವಿದ್ಯಾರ್ಥಿ ರೋಗಿಯ ಜೊತೆ ಕಳೆಯುವ ಇಪ್ಪತ್ತು ನಿಮಿಷದಲ್ಲಿ ಯಂತ್ರ ಹಚ್ಚಿ ಟೈಮರ್ ತಿರುಗಿಸಿ ಫೋನ್ ನೋಡುತ್ತ ಕೂರುತ್ತಾನೆ. ಆ ಇಪ್ಪತ್ತು ನಿಮಿಷ ಮಾತಾಡಲು ಸಿಕ್ಕಿದ್ದರೆ! "ಯಾವ ಕೆಲಸ ಬಿಟ್ಟಿದ್ದೀರಮ್ಮ?" "ಬಗ್ಗಿದರೆ ಏನಾಗಿಬಿಡುತ್ತದೆ ಅಂತ ಅನ್ಸುತ್ತೆ?" "ನಿದ್ದೆ ಹೇಗಿದೆ?" "ಮುಂಚೆ ತೋರಿಸಿದವರು ಏನು ಹೇಳಿದ್ರು?" ಈ ನಾಲ್ಕಕ್ಕೆ ಸಿಗುವ ಉತ್ತರ ಎಷ್ಟೋ ಸಲ ಸ್ಕ್ಯಾನಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಈ ಪ್ರಶ್ನೆಗಳಿಗೂ ಅಂಕ ಇಡಿ ಎಂದು ನಾನು ಪರೀಕ್ಷಕ ಮಿತ್ರರನ್ನು ಪೀಡಿಸುತ್ತಲೇ ಇರುತ್ತೇನೆ. ಅಂಕ ಇಟ್ಟರೆ ಕಲಿಯುತ್ತಾರೆ, ನಮ್ಮ ಮಕ್ಕಳು ಅಷ್ಟು ಜಾಣರು.

ಇನ್ನು ಪ್ರಶ್ನೆಗಳು.

ಮೊದಲನೆಯದನ್ನು ಕೇಳಿದವರು ಮುಂದಿನ ಸಾಲಿನ ಒಬ್ಬ ತಾಯಿ. "ಸಿಸೇರಿಯನ್ ಮಾಡೋವಾಗ ಬೆನ್ನಿಗೆ ಸೂಜಿ ಕೊಟ್ರು, ಅವತ್ತಿಂದ ಇವತ್ತಿನವರೆಗೂ ನೋವು. ಹೇಳಿದ್ರೆ ನಗ್ತಾರೆ."

ನಕ್ಕವರದು ತಪ್ಪು, ಅದನ್ನು ಮೊದಲು ಹೇಳುತ್ತೇನೆ. ಸೂಜಿ ಚುಚ್ಚಿದ ಜಾಗ ಕೆಲವು ದಿನ ನೋಯುವುದುಂಟು. ವರ್ಷಗಟ್ಟಲೆ ಅದರಿಂದಲೇ ನೋವು ಉಳಿಯುತ್ತದೆಯೇ ಎಂದು ನೋಡಿದವರಿದ್ದಾರೆ. ಬ್ರಿಟನ್ನಿನಲ್ಲಿ ಹೆರಿಗೆ ನೋವಿಗೆ ಎಪಿಡ್ಯೂರಲ್ ಎಂಬ ಬೆನ್ನಿನ ಅರಿವಳಿಕೆ ಸೂಜಿ ಪಡೆದ ತಾಯಂದಿರನ್ನೂ ಬೇರೆ ಉಪಾಯದಿಂದ ನೋವು ಕಡಿಮೆ ಮಾಡಿಕೊಂಡವರನ್ನೂ ಎರಡು ವರ್ಷ ದಾಟಿದ ಮೇಲೆ ಹೋಲಿಸಿ 2002ರಲ್ಲಿ ವರದಿ ಮಾಡಿದರು. ಬೆನ್ನು ನೋವಿನಲ್ಲಿ ವ್ಯತ್ಯಾಸ ಇರಲಿಲ್ಲ. ಸಿಸೇರಿಯನ್‌ಗೆ ಸಾಮಾನ್ಯವಾಗಿ ಬಳಸುವ ಸೂಜಿ ಅದಕ್ಕಿಂತಲೂ ಸಣ್ಣದು. ಹಾಗಾಗಿ ಆ ಸೂಜಿ ನಿಮ್ಮ ಬೆನ್ನನ್ನು ಹಾಳುಮಾಡಿಲ್ಲ ಎಂದು ಧೈರ್ಯವಾಗಿ ಇರಬಹುದು. ಆದರೆ ನೋವು ನಿಜ. ಒಂಬತ್ತು ತಿಂಗಳ ಬಸಿರು, ಮಗು ಎತ್ತಿ ಆಡಿಸುವುದು, ಕೂತು ಹಾಲು ಕುಡಿಸುವುದು, ವರ್ಷಗಟ್ಟಲೆ ನಿದ್ದೆ ಇಲ್ಲದಿರುವುದು, ಬಾಣಂತನ ಮುಗಿದದ್ದೇ ತಡ ಮನೆಕೆಲಸ ಮೈಮೇಲೆ ಬೀಳುವುದು, ಇಷ್ಟೂ ಇರುವಾಗ ನೋವಿಗೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ವಿದ್ಯಾರ್ಥಿಗಳೇ, ಇವರು ಸೂಜಿಯ ಹೆಸರು ಹೇಳುವುದು ಏಕೆಂದರೆ ಬೇರೆ ಯಾವ ಕಾರಣವನ್ನೂ ನಾವು ಕೂರಿಸಿಕೊಂಡು ಹೇಳಿಲ್ಲ.

ಎರಡನೆಯದು ಫೈನಲ್ ಇಯರ್ ಹುಡುಗನೊಬ್ಬನದು. "ಸರ್, ಕೆಲವರು ನಿಜವಾಗಲೂ ಸುಳ್ಳು ಹೇಳ್ತಾರಲ್ಲ? ರಜೆಗೆ, ಪರಿಹಾರದ ಹಣಕ್ಕೆ."

ಹೇಳುತ್ತಾರಪ್ಪ. ಇಲ್ಲವೆನ್ನುವುದಿಲ್ಲ. ಆದರೆ ಲೆಕ್ಕ ಹಾಕಿ ನೋಡು. ಸುಳ್ಳು ಹೇಳುವವನೊಬ್ಬನನ್ನು ನಂಬಿದರೆ ಯಾರದೋ ಒಂದಿಷ್ಟು ದುಡ್ಡು, ಒಂದಿಷ್ಟು ರಜೆ ಹೋಗುತ್ತದೆ. ನಿಜ ಹೇಳುವವಳನ್ನು ನಂಬದಿದ್ದರೆ ಅವಳು ಇನ್ನೊಬ್ಬ ಡಾಕ್ಟರ ಬಳಿ ಹೋಗುತ್ತಾಳೆ, ಇನ್ನೊಂದು ಸ್ಕ್ಯಾನ್ ಮಾಡಿಸುತ್ತಾಳೆ, ನೋವನ್ನು ಸಾಬೀತು ಮಾಡಲು ಇನ್ನಷ್ಟು ಕುಂಟಬೇಕಾಗುತ್ತದೆ. ಸರ್ಟಿಫಿಕೇಟ್ ಕೇಳಿದರೆ ಕಂಡದ್ದನ್ನು ಬರೆ. ಎಷ್ಟು ಹೊತ್ತು ಕೂರುತ್ತಾರೆ, ಎಷ್ಟು ದೂರ ನಡೆಯುತ್ತಾರೆ, ಎಷ್ಟು ಭಾರ ಎತ್ತುತ್ತಾರೆ, ಯಾವ ಕೆಲಸಕ್ಕೆ ಎಂದಿನಿಂದ ಹೋಗಬಹುದು, ಅಲ್ಲಿ ಏನು ಬದಲಾವಣೆ ಮಾಡಿಕೊಟ್ಟರೆ ಆಗುತ್ತದೆ. ಸುಮ್ಮನೆ ವಿಶ್ರಾಂತಿ ಎಂದು ಬರೆಯಬೇಡ. ನಾಟಕ ಎಂದೂ ಬರೆಯಬೇಡ, ಅದನ್ನು ಹಿಡಿಯುವ ಪರೀಕ್ಷೆ ನಿನ್ನ ಬಳಿಯೂ ಇಲ್ಲ, ನನ್ನ ಬಳಿಯೂ ಇಲ್ಲ.